ವಾಟ್ಸಾಪ್ ಇದ್ದರೆ ಸಾಕೆಂಬ ವಾದ

ಮನೆಯಿಂದ ನಡೆಯುವ ಸಣ್ಣ ಉದ್ಯಮಕ್ಕೆ ಸ್ವಂತ ವೆಬ್‌ಸೈಟ್ ಬೇಕಿಲ್ಲ, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಇದ್ದರೆ ಸಾಕು ಎಂಬ ಮಾತು ಕರ್ನಾಟಕದ ಗೃಹೋದ್ಯಮಗಳಲ್ಲಿ ಈಗ ಯಾರೂ ಪ್ರಶ್ನಿಸದ ಸತ್ಯದಂತೆ ಚಲಾವಣೆಯಲ್ಲಿದೆ. ಶಿರಸಿ, ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು, ಹಲಸಿನ ಹಪ್ಪಳ ಮಾಡುವವರು, ಕಲಬುರಗಿ, ವಿಜಯಪುರದ ಕಡೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕಳಿಸುವವರು, ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸೀರೆಗೆ ಕುಚ್ಚು ಕಟ್ಟುವವರು, ಕೇಕ್ ಮಾಡುವವರು ಎಲ್ಲರೂ ಸುಮಾರಾಗಿ ಇದನ್ನೇ ಹೇಳುತ್ತಾರೆ. ಅವರಿಗೆ ಸಲಹೆ ಕೊಡುವವರೂ ಇದನ್ನೇ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಇನ್ನರ್ಧ ತಪ್ಪು, ಮತ್ತು ಆ ತಪ್ಪಿನ ಬೆಲೆಯನ್ನು ತೆರುತ್ತಿರುವವರು ಗೃಹೋದ್ಯಮಿಗಳೇ.

ಖಂಡಿಸುವ ಮುನ್ನ ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳಬೇಕು. ವೆಬ್‌ಸೈಟ್ ಬೇಡ ಎನ್ನುವವರ ವಾದದಲ್ಲಿ ಆರು ಎಳೆಗಳಿವೆ. ಒಂದು, ವಾಟ್ಸಾಪ್, ಇನ್‌ಸ್ಟಾಗ್ರಾಂ ಪುಕ್ಕಟೆ. ಎರಡು, ಗಿರಾಕಿಗಳೆಲ್ಲ ಇರುವುದು ಅಲ್ಲೇ. ಮೂರು, ವೆಬ್‌ಸೈಟಿಗೆ ದುಡ್ಡೂ ಬೇಕು, ತಂತ್ರಜ್ಞಾನವೂ ಗೊತ್ತಿರಬೇಕು. ನಾಲ್ಕು, ಕಷ್ಟಪಟ್ಟು ಮಾಡಿಸಿದರೂ ಅದನ್ನು ನೋಡುವವರಿಲ್ಲ. ಐದು, ದೊಡ್ಡದಾಗಿ ಮಾರಬೇಕೆಂದರೆ ಅಮೆಜಾನ್, ಫ್ಲಿಪ್‌ಕಾರ್ಟ್ ಇದ್ದೇ ಇವೆ. ಆರು, ವೆಬ್‌ಸೈಟ್ ಮಾಡಿದರೆ ತೆರಿಗೆಯವರ ಕಣ್ಣು ಬೀಳುತ್ತದೆ. ಈ ಕೊನೆಯ ಮಾತನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಹಿಂಜರಿಕೆಗೆ ಅದೂ ಒಂದು ಕಾರಣ.

ಈ ಅಭಿಪ್ರಾಯ ಬೆಳೆದು ಬಂದದ್ದಕ್ಕೆ ಕಾರಣಗಳಿವೆ. ವೆಬ್‌ಸೈಟ್ ಮಾಡಿಕೊಡುವವರೇ ಅದಕ್ಕೆ ಮೊದಲ ಹೊಣೆ. ಸಣ್ಣ ವ್ಯಾಪಾರಿಗಳಿಗೆ ಅವರು ಮಾಡಿಕೊಟ್ಟದ್ದು ಸಾಮಾನ್ಯವಾಗಿ ಒಂದೇ ಅಚ್ಚಿನ ಐದು ಪುಟ: ಓಡುವ ಚಿತ್ರಗಳು, 'ನಮ್ಮ ಧ್ಯೇಯ', 'ನಮ್ಮ ದೂರದೃಷ್ಟಿ', ಯಾವುದೋ ವಿದೇಶಿ ಅಡುಗೆಮನೆಯ ಫೋಟೊ. ಬೆಲೆ ಎಷ್ಟು, ಎಷ್ಟು ದಿನ ಕೆಡದೆ ಇರುತ್ತದೆ, ಊರಿಗೆ ಕಳಿಸುತ್ತಾರೋ ಇಲ್ಲವೋ ಎಂಬ ಯಾವ ಮಾಹಿತಿಯೂ ಅದರಲ್ಲಿ ಇರುತ್ತಿರಲಿಲ್ಲ. ಡೊಮೇನ್, ಅಂದರೆ ತಾಣದ ವಿಳಾಸ, ಮಾಡಿಕೊಟ್ಟವನ ಹೆಸರಿನಲ್ಲೇ ನೋಂದಣಿಯಾಗಿರುತ್ತಿತ್ತು. ಮರುವರ್ಷ ನವೀಕರಣಕ್ಕೆ ಅವನು ಕೇಳಿದಷ್ಟು ಕೊಡಬೇಕು, ಇಲ್ಲವಾದರೆ ತಾಣ ಮುಚ್ಚಿಹೋಗುತ್ತಿತ್ತು. ಹೀಗೆ ಕೈಸುಟ್ಟುಕೊಂಡವರ ಎದುರಿಗೆ 2016ರಲ್ಲಿ ಯುಪಿಐ ಬಂತು, ಅದೇ ಹೊತ್ತಿಗೆ ಮೊಬೈಲ್ ಡೇಟಾ ಅಗ್ಗವಾಯಿತು, 2018ರ ಆರಂಭದಲ್ಲಿ ವಾಟ್ಸಾಪ್ ಬಿಸಿನೆಸ್ ಬಂತು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಉಳಿದು ಮಾರಾಟಕ್ಕೆ ಇಳಿದವರು ಫೋನಿನಲ್ಲೇ ಆರ್ಡರ್ ಪಡೆದು, ಫೋನಿನಲ್ಲೇ ಹಣ ಪಡೆದರು. ಅಲ್ಲಿಗೆ ವೆಬ್‌ಸೈಟಿನ ಮಾತು ಮುಗಿಯಿತು ಎಂದು ತೀರ್ಮಾನವಾಯಿತು. ಕೆಟ್ಟ ವೆಬ್‌ಸೈಟಿನ ಅನುಭವದಿಂದ ವೆಬ್‌ಸೈಟೇ ಕೆಟ್ಟದ್ದೆಂಬ ನಿರ್ಣಯಕ್ಕೆ ಬಂದದ್ದು ಈ ತೀರ್ಮಾನದ ಮೂಲದೋಷ.

ಮೊದಲ ವಾದ ಪುಕ್ಕಟೆಯದು. ವಾಟ್ಸಾಪ್‌ಗೆ ಹಣ ಕೊಡಬೇಕಿಲ್ಲ ನಿಜ, ಆದರೆ ಕೊಡದ ಹಣಕ್ಕೆ ಸಿಗುವುದೆಷ್ಟು ಎಂದು ನೋಡಬೇಕು. ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಜಾಗ, ಅದರಲ್ಲೂ ಮಾರುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಗ್ರೂಪಿನ ಮಿತಿ 1024. ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ. ಇದಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೆ ವ್ಯಾಪಾರದ ಸಂದೇಶ ಕಳಿಸಬೇಕೆಂದರೆ ಸಾಮಾನ್ಯವಾಗಿ ಶುಲ್ಕ ತೆರಬೇಕು. ಇನ್‌ಸ್ಟಾಗ್ರಾಂ 2016ರಲ್ಲೇ ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ಯಾರಿಗೆ ಏನು ತೋರಿಸಬೇಕೆಂದು ತಾನೇ ನಿರ್ಧರಿಸಲು ಶುರುಮಾಡಿತು. ಸಾವಿರ ಫಾಲೋವರ್ ಇದ್ದವರ ಪೋಸ್ಟ್ ಸಾವಿರ ಜನರಿಗೂ ಕಾಣುತ್ತದೆ ಎಂಬ ಖಾತ್ರಿ ಅಂದಿನಿಂದ ಇಲ್ಲ. ಸ್ವಂತ ಗಿರಾಕಿಗಳಿಗೆ ಸ್ವಂತ ಸುದ್ದಿ ಮುಟ್ಟಿಸಲು 'ಬೂಸ್ಟ್' ಗುಂಡಿ ಒತ್ತಿ ಹಣ ಕಟ್ಟಬೇಕಾದ ಸ್ಥಿತಿಯನ್ನು ಪುಕ್ಕಟೆ ಎನ್ನುವುದು ಲೆಕ್ಕ ತಪ್ಪಿದ ಮಾತು.

ದುಡ್ಡಿನ ಲೆಕ್ಕಕ್ಕಿಂತ ಹೆಚ್ಚಿನದು ಸಮಯದ ಲೆಕ್ಕ. ಮನೆ ಉದ್ಯಮದಲ್ಲಿ ಹಿಟ್ಟು ನಾದುವವರು, ಬಾಟಲಿ ತುಂಬುವವರು, ಪಾರ್ಸೆಲ್ ಕಟ್ಟುವವರು, ಮೆಸೇಜಿಗೆ ಉತ್ತರಿಸುವವರು ಬಹುತೇಕ ಒಬ್ಬರೇ ಆಗಿರುತ್ತಾರೆ. ಬರುವ ಪ್ರಶ್ನೆಗಳು ಯಾವಾಗಲೂ ಅವೇ: ಕಾಲು ಕೆ.ಜಿ.ಗೆ ಎಷ್ಟು, ಬೆಳ್ಳುಳ್ಳಿ ಹಾಕಿದ್ದೀರಾ, ಎಷ್ಟು ತಿಂಗಳು ಇಡಬಹುದು, ಎಣ್ಣೆ ಯಾವುದು, ಮುಂಬೈಗೆ ಕಳಿಸುತ್ತೀರಾ, ಕೊರಿಯರ್ ಖರ್ಚು ಯಾರದು. ಒಂದು ಪುಟದಲ್ಲಿ ಒಮ್ಮೆ ಬರೆದಿಟ್ಟರೆ ಮುಗಿಯುವ ಈ ಉತ್ತರಗಳನ್ನು ದಿನವೂ ಹತ್ತಾರು ಸಲ ಟೈಪ್ ಮಾಡುವ ಶ್ರಮಕ್ಕೆ ಯಾವ ಖಾತೆಯಲ್ಲೂ ಬೆಲೆ ಕಟ್ಟಿಲ್ಲ. ಅದಕ್ಕೇ ಅದು ಪುಕ್ಕಟೆಯಂತೆ ಕಾಣುತ್ತದೆ. 'ಬೆಲೆಗೆ ಮೆಸೇಜ್ ಮಾಡಿ' ಎಂದು ಬರೆಯುವುದನ್ನು ವ್ಯಾಪಾರದ ಜಾಣತನವೆಂದು ಹೇಳಿಕೊಡುವವರಿದ್ದಾರೆ. ಬೆಲೆ ಬಚ್ಚಿಟ್ಟ ಕಡೆ ಸಂಕೋಚದ ಗಿರಾಕಿ ಕೇಳುವುದೇ ಇಲ್ಲ, ಕೇಳುವವರಲ್ಲಿ ಕೊಳ್ಳುವವರು ಕಡಿಮೆ.

ಪುಕ್ಕಟೆ ಜಾಗದ ಇನ್ನೊಂದು ಗುಣ, ಅದು ಬಳಸುವವರನ್ನು ಕೇಳದೆ ಹೋಗಬಲ್ಲದು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದ್ದವರ ನೋಡುಗರೆಲ್ಲ ಒಂದೇ ರಾತ್ರಿಗೆ ಕೈತಪ್ಪಿದರು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ನಿಂತವು. ಮೂರಕ್ಕೂ ಒಬ್ಬನೇ ಯಜಮಾನ ಎಂಬುದು ಅಂದು ಬಹಳ ಜನಕ್ಕೆ ಅರಿವಾಯಿತು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನ ಜೊತೆಗೆ ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಸ್ವಂತ ಡೊಮೇನ್ ಇಲ್ಲದೆ ಅದನ್ನೇ ನಂಬಿದ್ದವರ ವಿಳಾಸವೇ ಇಲ್ಲವಾಯಿತು. ಇನ್ನು ಖಾತೆ ರದ್ದಾಗುವ ಅಪಾಯ ಬೇರೆ. 2021ರ ಐಟಿ ನಿಯಮಗಳ ಪ್ರಕಾರ ವಾಟ್ಸಾಪ್ ಪ್ರತಿ ತಿಂಗಳು ಪ್ರಕಟಿಸುವ ವರದಿಗಳಲ್ಲಿ ರದ್ದಾದ ಭಾರತೀಯ ಖಾತೆಗಳ ಸಂಖ್ಯೆ ಲಕ್ಷಗಳಲ್ಲಿರುತ್ತದೆ. ಈ ರದ್ದತಿಯ ಮುಖ್ಯ ಗುರಿ ವಂಚಕರು ಎಂಬುದು ಸರಿ. ಆದರೆ ಒಂದೇ ಸಂದೇಶವನ್ನು ನೂರಾರು ನಂಬರಿಗೆ ಕಳಿಸುವ ಹಪ್ಪಳದ ಮನೆಯೂ ಯಂತ್ರದ ಕಣ್ಣಿಗೆ ವಂಚಕರ ಸಾಲಿನಲ್ಲೇ ಕಾಣಬಹುದು.

ಡೊಮೇನ್ ಕೂಡ ವರ್ಷಕ್ಕೊಮ್ಮೆ ಹಣ ಕಟ್ಟಬೇಕಾದದ್ದೇ ಅಲ್ಲವೇ ಎಂಬ ಪ್ರತಿಪ್ರಶ್ನೆ ಇಲ್ಲಿ ಬರುತ್ತದೆ. ಹೌದು. ಆದರೆ ಅದು ತೆಗೆದುಕೊಂಡವರ ಜೊತೆಗೇ ಹೋಗುತ್ತದೆ. ಪುಟಗಳನ್ನು ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿ ಬೇಡವಾದರೆ ಬೇರೆ ಕಂಪನಿಗೆ ಹೋಗಬಹುದು, ಪುಟ ಮಾಡಿಕೊಟ್ಟವರು ಕೈಕೊಟ್ಟರೆ ಬೇರೆಯವರಿಂದ ಮಾಡಿಸಬಹುದು. ಪ್ಯಾಕೆಟ್ಟಿನ ಮೇಲೆ ಅಚ್ಚಾದ ವಿಳಾಸ ಬದಲಾಗುವುದಿಲ್ಲ. ಇನ್‌ಸ್ಟಾಗ್ರಾಂನ ಫಾಲೋವರ್‌ಗಳನ್ನು ಹೀಗೆ ಬೇರೆಡೆಗೆ ಕರೆದೊಯ್ಯಲು ಬರುವುದಿಲ್ಲ.

ಗಿರಾಕಿಗಳೆಲ್ಲ ಅಲ್ಲೇ ಇದ್ದಾರೆ ಎಂಬುದು ಎರಡನೆಯ ವಾದ. ಇದ್ದಾರೆ, ಆದರೆ ಅಲ್ಲಿ ಅವರು ಕೊಳ್ಳಲು ಬಂದವರಲ್ಲ. ಹೊತ್ತು ಕಳೆಯಲು ಬಂದವರು ಉಪ್ಪಿನಕಾಯಿಯ ರೀಲ್ ಕಂಡರೆ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಕೊಳ್ಳಬೇಕೆಂದು ಹೊರಟವರು ಹುಡುಕುತ್ತಾರೆ. ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಲೆನಾಡಿನವರು ಅಪ್ಪೆಮಿಡಿ ಬೇಕೆನಿಸಿದಾಗ ಗೂಗಲ್‌ನಲ್ಲಿ ಆ ಪದವನ್ನೇ ಬರೆಯುತ್ತಾರೆ. ಮದುವೆಗೆ ಐನೂರು ಕೊಡುಬಳೆ ಪೊಟ್ಟಣ ಬೇಕಾದವರು ಊರಿನ ಹೆಸರು ಸೇರಿಸಿ ಹುಡುಕುತ್ತಾರೆ. ಅವರ ಪರದೆಯಲ್ಲಿ ವಾಟ್ಸಾಪ್ ಗ್ರೂಪಿನ ಯಾವ ಸಂದೇಶವೂ ಬರುವುದಿಲ್ಲ. 2025ರ ಜುಲೈಯಿಂದ ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಗಳ ಸಾರ್ವಜನಿಕ ಪೋಸ್ಟ್‌ಗಳು ಹುಡುಕಾಟದಲ್ಲಿ ಸಿಗಲು ಅವಕಾಶವಾಗಿದೆ. ಆದರೂ ಖಾತೆ ಇಲ್ಲದವರು ತೆರೆದರೆ ಲಾಗಿನ್ ಕೇಳುತ್ತದೆ, ಒಳಗೆ ಹೋದರೆ ಹಾಡಿನ ಹಿನ್ನೆಲೆಯ ಮೂವತ್ತು ಸೆಕೆಂಡಿನ ದೃಶ್ಯ ಸಿಗುತ್ತದೆ. ತೂಕ, ಬೆಲೆ, ಬಾಳಿಕೆ, ತರಿಸಿಕೊಳ್ಳುವ ವಿಧಾನ ಅದರಲ್ಲಿ ಇರುವುದಿಲ್ಲ.

ಹುಡುಕಾಟಕ್ಕೆ ಸಿಗಬೇಕೆಂದರೆ ಬರಹ ಬೇಕು. ಕನ್ನಡದ ಮಟ್ಟಿಗೆ ಇದು ಇನ್ನಷ್ಟು ನಿಜ. ಬಣ್ಣದ ಪೋಸ್ಟರಿನೊಳಗೆ ಬರೆದ ಅಕ್ಷರಗಳು ಚಿತ್ರದ ಭಾಗವಾಗಿಬಿಡುತ್ತವೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾದರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಯೂನಿಕೋಡ್‌ನಲ್ಲಿ ಬರೆದ ಒಂದು ಪುಟ, ಅದೇ ಪದಾರ್ಥಕ್ಕೆ ಜನ ಬಳಸುವ ಎಲ್ಲ ಹೆಸರುಗಳನ್ನೂ ಸಹಜವಾಗಿ ಒಳಗೊಂಡರೆ, ಹುಡುಕುವವರ ಕೈಗೆ ಸಿಗುತ್ತದೆ. ಒಬ್ಬರು 'ಮಾವಿನಮಿಡಿ' ಎನ್ನುತ್ತಾರೆ, ಇನ್ನೊಬ್ಬರು 'ಮಿಡಿ ಉಪ್ಪಿನಕಾಯಿ' ಎನ್ನುತ್ತಾರೆ, ಹಲವರು ಇಂಗ್ಲಿಷ್ ಅಕ್ಷರಗಳಲ್ಲಿ ಮನಸ್ಸಿಗೆ ಬಂದ ಕಾಗುಣಿತದಲ್ಲಿ ಹುಡುಕುತ್ತಾರೆ. ಕನ್ನಡ ಪುಟದ ಜೊತೆಗೆ ಒಂದು ಇಂಗ್ಲಿಷ್ ಪುಟವನ್ನೂ ಇಟ್ಟರೆ ಎರಡೂ ಬಗೆಯವರಿಗೆ ದಾರಿ ಸಿಗುತ್ತದೆ.

ಮೂರನೆಯ ವಾದ ಖರ್ಚು ಮತ್ತು ತಾಂತ್ರಿಕ ಜ್ಞಾನದ್ದು. ಹಿಂದೊಮ್ಮೆ ಇದು ನಿಜವಿತ್ತು, ಈಗಿಲ್ಲ. ಡಾಟ್ ಇನ್ ಡೊಮೇನ್ 2005ರಿಂದ ಎಲ್ಲರಿಗೂ ಮುಕ್ತವಾಗಿದೆ, ವರ್ಷದ ಶುಲ್ಕ ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೇ ಇರುತ್ತದೆ. ಗೂಗಲ್ ಸೈಟ್ಸ್, ಬ್ಲಾಗರ್‌ನಂಥ ಉಚಿತ ಸೌಲಭ್ಯಗಳಲ್ಲಿ ಪುಟ ಕಟ್ಟಿ ಅದಕ್ಕೆ ಸ್ವಂತ ಡೊಮೇನ್ ಜೋಡಿಸಬಹುದು. 2003ರಿಂದ ಇರುವ ವರ್ಡ್‌ಪ್ರೆಸ್ ತಂತ್ರಾಂಶವೂ ಉಚಿತ, ಹೋಸ್ಟಿಂಗ್‌ಗೆ ಮಾತ್ರ ಹಣ ಬೇಕು. ತಾಣ ಸುರಕ್ಷಿತವೆಂದು ಬ್ರೌಸರಿಗೆ ತಿಳಿಸುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಕೊನೆಯಿಂದ ಉಚಿತವಾಗಿ ಕೊಡುತ್ತಿದೆ, ಅದಕ್ಕೆಂದು ಯಾರಾದರೂ ಪ್ರತ್ಯೇಕ ಹಣ ಕೇಳಿದರೆ ಕಾರಣ ಕೇಳಬೇಕು. ಉಚಿತ ಸೌಲಭ್ಯಗಳೂ ಒಂದು ದಿನ ಮುಚ್ಚಬಹುದು ಎಂಬ ಮಾತು ಇವುಗಳಿಗೂ ಅನ್ವಯಿಸುತ್ತದೆ. ಆದರೆ ಡೊಮೇನ್ ಸ್ವಂತದ್ದಾಗಿದ್ದು ಬರಹ, ಫೋಟೊಗಳ ಪ್ರತಿ ಮನೆಯಲ್ಲಿದ್ದರೆ ಅದೇ ವಿಳಾಸದಲ್ಲಿ ಬೇರೆಡೆ ಪುಟ ಎಬ್ಬಿಸಲು ಒಂದೆರಡು ದಿನ ಸಾಕು.

ಕಟ್ಟುವಾಗ ಪಾಲಿಸಬೇಕಾದ ಮೊದಲ ನಿಯಮ ಒಡೆತನದ್ದು. ಡೊಮೇನ್ ಉದ್ಯಮಿಯ ಸ್ವಂತ ಹೆಸರಿನಲ್ಲಿ, ಸ್ವಂತ ಇ-ಮೇಲ್‌ನಲ್ಲಿ, ಸ್ವಂತ ಫೋನ್ ನಂಬರಿನಲ್ಲಿ ನೋಂದಣಿಯಾಗಬೇಕು. ಪುಟ ಮಾಡಿಕೊಡುವವರು ಬೇರೆಯವರಾದರೂ ಪಾಸ್‌ವರ್ಡ್ ಮನೆಯಲ್ಲಿರಬೇಕು. ಹೆಸರು ಚಿಕ್ಕದಾಗಿ, ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಬೇಕು.

ಎರಡನೆಯದು ಪುಟದಲ್ಲಿ ಇರಬೇಕಾದದ್ದು. ಏನು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಎಂಬುದು ತೆರೆದ ಕೂಡಲೇ ಮೊದಲ ಎರಡು ಸಾಲಿನಲ್ಲಿ ಗೊತ್ತಾಗಬೇಕು. ಪ್ರತಿ ಪದಾರ್ಥಕ್ಕೂ ತೂಕ, ಬೆಲೆ, ಹಾಕಿದ ಸಾಮಗ್ರಿ, ಬಾಳಿಕೆ. ಕಳಿಸುವ ಊರುಗಳು, ಅಂಚೆ ಅಥವಾ ಕೊರಿಯರ್ ಖರ್ಚು, ತಲುಪುವ ದಿನಗಳು. ಬಾಟಲಿ ಒಡೆದು ಬಂದರೆ ಏನು ಮಾಡುತ್ತಾರೆ ಎಂಬ ಸ್ಪಷ್ಟ ಮಾತು. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕೆಗಳ ಸಂಖ್ಯೆ. ಹಗಲು ಬೆಳಕಿನಲ್ಲಿ ತೆಗೆದ ಸ್ವಂತ ಪದಾರ್ಥದ ಫೋಟೊ. ಕೊನೆಗೆ ವಾಟ್ಸಾಪ್‌ಗೆ ಹೋಗುವ ಒಂದು ಗುಂಡಿ. ಇಷ್ಟಕ್ಕೆ ಒಂದು ಪುಟ ಸಾಕು, ಹೆಚ್ಚೆಂದರೆ ನಾಲ್ಕು.

ಬೇಡವಾದದ್ದರ ಪಟ್ಟಿ ಇದಕ್ಕಿಂತ ಉದ್ದ. ಓಡುವ ಚಿತ್ರಗಳು, ತೆರೆದ ತಕ್ಷಣ ಹಾಡು, ಎಷ್ಟು ಜನ ನೋಡಿದರೆಂಬ ಎಣಿಕೆ, ತಾನಾಗಿ ಮಾತಾಡುವ ಚಾಟ್ ಪೆಟ್ಟಿಗೆ ಯಾವುದೂ ಒಂದು ಬಾಟಲಿಯನ್ನೂ ಹೆಚ್ಚು ಮಾರಿಸುವುದಿಲ್ಲ. ಶುರುವಿನಲ್ಲೇ ಶಾಪಿಂಗ್ ಕಾರ್ಟ್, ಪೇಮೆಂಟ್ ಗೇಟ್‌ವೇ ಹಾಕಿಸುವುದೂ ಅನಗತ್ಯ. ಗೇಟ್‌ವೇಗಳು ಕಾರ್ಡ್ ಪಾವತಿಯ ಮೇಲೆ ಸುಮಾರು ಶೇ 2ರಷ್ಟು ಹಿಡಿದುಕೊಳ್ಳುತ್ತವೆ. ಗಿರಾಕಿ ಮಾರುವವರ ಬ್ಯಾಂಕ್ ಖಾತೆಗೆ ನೇರವಾಗಿ ಯುಪಿಐ ಮಾಡಿದರೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ. ದಿನಕ್ಕೆ ಹತ್ತು ಆರ್ಡರ್ ಬರುವ ಮನೆಗೆ ವಾಟ್ಸಾಪ್ ಆರ್ಡರ್ ಮತ್ತು ಯುಪಿಐ ಪಾವತಿ ಧಾರಾಳ ಸಾಕು. ಹೀಗೆ ಬಳಸಿದಾಗ ವಾಟ್ಸಾಪ್ ವೆಬ್‌ಸೈಟಿಗೆ ಎದುರಾಳಿಯಾಗುವುದಿಲ್ಲ, ಅದರ ಬಿಲ್ಲಿಂಗ್ ಮೇಜಾಗುತ್ತದೆ. ಫೋಟೊಗಳ ಭಾರದ ಬಗ್ಗೆಯೂ ಎಚ್ಚರ ಬೇಕು. ಈಗಿನ ಫೋನುಗಳ ಒಂದೊಂದು ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ನೂರಿನ್ನೂರು ಕೆಬಿಗೆ ಇಳಿಸದೆ ಹಾಕಿದರೆ ನೆಟ್‌ವರ್ಕ್ ಕಡಿಮೆ ಇರುವ ಊರಿನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾರೆ.

ನಾಲ್ಕನೆಯ ವಾದ, ಮಾಡಿದರೂ ನೋಡುವವರಿಲ್ಲ ಎಂಬುದು. ಆರು ವಾದಗಳಲ್ಲಿ ಗಟ್ಟಿಯಾದದ್ದು ಇದೇ. ವೆಬ್‌ಸೈಟ್ ತಾನಾಗಿ ಯಾರನ್ನೂ ಕರೆತರುವುದಿಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ಪ್ರಚಾರ ಬೇಕೆಂಬುದೇ ಹೊರತು ವೆಬ್‌ಸೈಟ್ ಬೇಡವೆಂಬುದಲ್ಲ. ಪ್ರಚಾರದ ಅತ್ಯುತ್ತಮ ಸಾಧನ ಗೃಹೋದ್ಯಮದ ಕೈಯಲ್ಲಿ ಆಗಲೇ ಇದೆ, ಅದು ಪ್ಯಾಕೆಟ್. ಪದಾರ್ಥದ ಹೆಸರು, ಸಾಮಗ್ರಿ, ತೂಕ, ತಯಾರಿಸಿದ ದಿನಾಂಕ, ತಯಾರಕರ ವಿಳಾಸ ಕಾನೂನಿನ ಪ್ರಕಾರ ಲೇಬಲ್ಲಿನಲ್ಲಿ ಇರಲೇಬೇಕು. ಅದರ ಪಕ್ಕದಲ್ಲಿ ವೆಬ್ ವಿಳಾಸವನ್ನೂ ಒಂದು ಕ್ಯೂಆರ್ ಕೋಡನ್ನೂ ಅಚ್ಚು ಹಾಕಲು ಹೆಚ್ಚಿನ ಖರ್ಚಿಲ್ಲ. ಒಂದು ಮನೆಗೆ ಹೋದ ಉಪ್ಪಿನಕಾಯಿಯನ್ನು ಅಲ್ಲಿಗೆ ಬಂದ ನೆಂಟರು ರುಚಿ ನೋಡಿ ಎಲ್ಲಿಂದ ತರಿಸಿದಿರಿ ಎಂದು ಕೇಳಿದಾಗ ಉತ್ತರ ಬಾಟಲಿಯ ಮೇಲೇ ಇರುತ್ತದೆ. ಮದುವೆಯ ತಾಂಬೂಲದ ಚೀಲ, ಕೃಷಿಮೇಳದ ಮಳಿಗೆ, ಹಲಸಿನ ಮೇಳದ ಫಲಕ ಎಲ್ಲದರ ಮೇಲೂ ಅದೇ ವಿಳಾಸ ಹೋಗಬೇಕು.

ಇದರ ಜೊತೆಗೆ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಶುಲ್ಕವಿಲ್ಲ, ಗಿರಾಕಿಗಳು ಮನೆಗೆ ಬರುವುದು ಬೇಡವೆಂದಾದರೆ ವಿಳಾಸವನ್ನು ಮರೆಮಾಡಿ ಸೇವೆ ಕೊಡುವ ಪ್ರದೇಶವನ್ನಷ್ಟೇ ತೋರಿಸಬಹುದು. ಜನ ಯಾವ ಪದ ಹುಡುಕಿ ತಾಣಕ್ಕೆ ಬಂದರೆಂದು ತಿಳಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಕೂಡ ಉಚಿತ. ಮುಖ್ಯ ಪದಾರ್ಥಕ್ಕೆ ಪ್ರತ್ಯೇಕ ಪುಟವಿದ್ದರೆ ಒಳ್ಳೆಯದು, ಪುಟದ ತಲೆಬರಹದಲ್ಲಿ ಪದಾರ್ಥದ ಮತ್ತು ಊರಿನ ಹೆಸರಿರಬೇಕು.

ಬರೆಯಲು ವಿಷಯವಿಲ್ಲ ಎನ್ನುವವರು ತಮ್ಮ ಕಸುಬನ್ನೇ ನೋಡಿಲ್ಲ ಎನ್ನಬೇಕಾಗುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಮರಗಳಲ್ಲಿ ಒಂದೊಂದರ ಪರಿಮಳವೂ ಬೇರೆ. ಅನಂತಭಟ್ಟನ ಅಪ್ಪೆಯಂತೆ ಹೆಸರು ಪಡೆದ ಮರಗಳಿವೆ, ಜೀರಿಗೆ ವಾಸನೆಯ ಮಿಡಿಗಳಿವೆ. ಮಿಡಿಯನ್ನು ತೊಟ್ಟು ಸಹಿತ ಏಕೆ ಕೊಯ್ಯಬೇಕು, ಸೊನೆ ಏಕೆ ಉಳಿಯಬೇಕು, ಉಪ್ಪಿನಲ್ಲಿ ಎಷ್ಟು ದಿನ ಇಟ್ಟರೆ ಮಿಡಿ ಚಿರುಟುತ್ತದೆ ಎಂಬುದು ಹಾಕುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಲಸಿನ ಹಪ್ಪಳ ಮಳೆಗೆ ಮುಂಚಿನ ಬಿಸಿಲಿನಲ್ಲೇ ಏಕೆ ಆಗಬೇಕು, ಬಿಳಿಜೋಳದ ರೊಟ್ಟಿ ಖಡಕ್ ಆಗುವುದು ಹೇಗೆ ಎಂಬುದೂ ಹಾಗೆಯೇ. ಇಂಥ ನಾಲ್ಕು ಪ್ಯಾರಾ ಬರೆದ ಪುಟ ಸರಕನ್ನೂ ಮಾರುತ್ತದೆ, ಬೆಲೆ ಯಾಕೆ ಅಷ್ಟು ಎಂಬ ಪ್ರಶ್ನೆಗೂ ಉತ್ತರಿಸುತ್ತದೆ. ರೀಲ್ ಒಂದು ವಾರದಲ್ಲಿ ಹಳತಾಗುತ್ತದೆ. ಈ ಬರಹ ಮುಂದಿನ ವರ್ಷದ ಮಿಡಿ ಕಾಲಕ್ಕೂ ಕೆಲಸ ಮಾಡುತ್ತದೆ.

ಪ್ರಚಾರದ ಹೆಸರಿನಲ್ಲಿ ನಡೆಯುವ ಮೋಸವನ್ನೂ ಇಲ್ಲೇ ಹೇಳಬೇಕು. ಒಂದೇ ತಿಂಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಎಂದು ಫೋನ್ ಮಾಡುವವರು ಮಾರುವುದು ಸುಳ್ಳನ್ನು. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತನ್ನ ಮಾರ್ಗದರ್ಶನದಲ್ಲೇ ಹೇಳಿದೆ. ಪುಟದ ಹಿಂಬದಿಯಲ್ಲಿ ಕೀವರ್ಡ್‌ಗಳ ಪಟ್ಟಿ ತುರುಕುವುದು ಇವರ ಇನ್ನೊಂದು ಸೇವೆ. ಆ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ಹಣ ಕೊಟ್ಟು ಕೊಂಡ ಲಿಂಕುಗಳು ಅದರ ನಿಯಮಗಳಿಗೆ ವಿರುದ್ಧ. ಬರೆಸಿಕೊಂಡ ಸುಳ್ಳು ವಿಮರ್ಶೆಗಳು ಇನ್ನೂ ಕೆಟ್ಟವು. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ಹೊರಡಿಸಿದೆ. 'ಎರಡೇ ಬಾಟಲಿ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ವಂಚಕ ತಂತ್ರಗಳಲ್ಲಿ ಒಂದು. ಮನೆ ಉದ್ಯಮದ ಬಂಡವಾಳ ನಂಬಿಕೆ, ಅದನ್ನು ಹೀಗೆ ಕರಗಿಸುವುದರಲ್ಲಿ ಲಾಭವಿಲ್ಲ.

ಐದನೆಯ ವಾದ ದೊಡ್ಡ ಮಾರುಕಟ್ಟೆ ತಾಣಗಳದ್ದು. ಅಲ್ಲಿ ಮಾರುವುದು ತಪ್ಪಲ್ಲ, ಅಲ್ಲಿ ಮಾತ್ರ ಮಾರುವುದು ತಪ್ಪು. ಅವು ಮಾರಾಟದ ಮೇಲೆ ಕಮಿಷನ್ ಅಥವಾ ಬೇರೆ ಶುಲ್ಕ ಹಿಡಿಯುತ್ತವೆ, ಮನೆಯ ಉಪ್ಪಿನಕಾಯಿಯನ್ನು ಕಾರ್ಖಾನೆಯ ಉಪ್ಪಿನಕಾಯಿಯ ಪಕ್ಕದಲ್ಲಿಟ್ಟು ಬೆಲೆಯನ್ನೇ ಮೊದಲು ತೋರಿಸುತ್ತವೆ. ಕೊಂಡವರು ಆ ತಾಣದ ಗಿರಾಕಿಗಳಾಗಿ ಉಳಿಯುತ್ತಾರೆ, ಮುಂದಿನ ಸಲ ನೇರವಾಗಿ ಬರಲು ಆ ತಾಣ ಅವರಿಗೆ ದಾರಿ ತೋರಿಸುವುದಿಲ್ಲ. ಕಡಿಮೆ ಪ್ರಮಾಣದಲ್ಲಿ, ಹೆಚ್ಚು ಶ್ರಮದಲ್ಲಿ ಮಾಡುವವರಿಗೆ ಬೆಲೆಯ ಈ ಪೈಪೋಟಿಯಲ್ಲಿ ಗೆಲುವಿಲ್ಲ.

ಆರನೆಯದು ಭಯ. ವೆಬ್‌ಸೈಟ್ ಮಾಡಿದರೆ ತೆರಿಗೆ ಇಲಾಖೆಗೆ ಕಾಣಿಸುತ್ತೇವೆ ಎಂಬ ಮಾತಿಗೆ ಕರ್ನಾಟಕದ ಅನುಭವವೇ ಉತ್ತರ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಆಧಾರವಾಗಿಟ್ಟುಕೊಂಡದ್ದು ಯುಪಿಐ ಮೂಲಕ ಜಮಾ ಆದ ಹಣವನ್ನು. ಬೇಕರಿ, ಕಾಂಡಿಮೆಂಟ್ಸ್‌ಗಳಂಥ ಅಂಗಡಿಗಳಿಗೂ ನೋಟಿಸ್ ಹೋಯಿತು, ವೆಬ್‌ಸೈಟ್ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಜಿಎಸ್‌ಟಿ ಕಾನೂನು ನೋಡುವುದು ಸರಕು ಯಾವುದು, ವಹಿವಾಟು ಎಷ್ಟು, ಎಲ್ಲಿಗೆ ಹೋಯಿತು ಎಂಬುದನ್ನು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಉಪ್ಪಿನಕಾಯಿಗೆ ಇದೆ, ಅದನ್ನು ಹೊರರಾಜ್ಯಕ್ಕೆ ಮಾರುವವರು ವಹಿವಾಟು ಸಣ್ಣದಾದರೂ ನೋಂದಣಿ ಮಾಡಿಸಬೇಕು. ಆರ್ಡರ್ ವಾಟ್ಸಾಪ್‌ನಲ್ಲಿ ಬಂದಿದ್ದರೂ ನಿಯಮ ಅದೇ. ಆಹಾರ ಸುರಕ್ಷತೆಯ ನೋಂದಣಿಯೂ ಹಾಗೆಯೇ, ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ವೆಬ್‌ಸೈಟ್ ಹೊಸ ಹೊಣೆಯನ್ನು ಹೆಚ್ಚೇನೂ ತರುವುದಿಲ್ಲ, ಇರುವ ಹೊಣೆಯನ್ನು ನೆನಪಿಸುತ್ತದೆ.

ಹೆಣ್ಣುಮಕ್ಕಳ ಫೋನ್ ನಂಬರ್, ಮನೆ ವಿಳಾಸ ಎಲ್ಲರಿಗೂ ಸಿಗುತ್ತದೆ ಎಂಬ ಆತಂಕ ಇದಕ್ಕಿಂತ ನ್ಯಾಯವಾದದ್ದು. ಆದರೆ ಸ್ವಂತ ನಂಬರಿನಿಂದಲೇ ಸ್ಟೇಟಸ್, ಗ್ರೂಪ್ ನಡೆಸುವವರ ನಂಬರ್ ಈಗಾಗಲೇ ನೂರಾರು ಅಪರಿಚಿತರ ಕೈಯಲ್ಲಿದೆ, ವಿಳಾಸ ಪ್ಯಾಕೆಟ್ಟಿನ ಮೇಲಿದೆ. ಉದ್ಯಮಕ್ಕೆಂದೇ ಬೇರೆ ಸಿಮ್, ಬೇರೆ ಇ-ಮೇಲ್ ಇಟ್ಟುಕೊಂಡು ಅದನ್ನಷ್ಟೇ ತಾಣದಲ್ಲಿ ಹಾಕುವುದು ಈಗಿನ ರೂಢಿಗಿಂತ ಸುರಕ್ಷಿತ.

ಈ ಖಂಡನೆ ಅನ್ವಯಿಸದ ಕಡೆಯೂ ಒಂದಿದೆ. ಬೀದಿಯ ಇಪ್ಪತ್ತು ಮನೆಗೆ ದಿನವೂ ರೊಟ್ಟಿ ಕೊಡುವವರಿಗೆ, ಮಾಡಿದ್ದೆಲ್ಲ ಸಂಜೆಯೊಳಗೆ ಖರ್ಚಾಗಿ ಹೆಚ್ಚು ಮಾಡಲು ಕೈ ಇಲ್ಲದವರಿಗೆ ವೆಬ್‌ಸೈಟ್ ಬೇಕಿಲ್ಲ. ವಾಟ್ಸಾಪ್ ಕೂಡ ಅವರಿಗೆ ಅನಿವಾರ್ಯವಲ್ಲ. ಊರಾಚೆಗೆ ಮಾರಬೇಕು, ಹೆಸರು ಉಳಿಯಬೇಕು, ವರ್ಷ ಕಳೆದಂತೆ ವ್ಯಾಪಾರ ಬೆಳೆಯಬೇಕು ಎನ್ನುವವರಿಗೆ ಮಾತ್ರ ಈ ಮಾತು.

ಅವರು ಹಿಡಿಯಬೇಕಾದ ಕ್ರಮ ಸರಳ. ಮೊದಲು ಸ್ವಂತ ಹೆಸರಿನಲ್ಲಿ ಡೊಮೇನ್. ಆಮೇಲೆ ಬೆಲೆ ಸಹಿತವಾದ ಒಂದು ಪುಟ. ನಂತರ ಲೇಬಲ್ಲಿನ ಮೇಲೆ ಆ ವಿಳಾಸ. ಕೊನೆಗೆ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನ ಪ್ರತಿ ಪೋಸ್ಟ್, ಪ್ರತಿ ಸ್ಟೇಟಸ್ ಆ ಪುಟದ ಕಡೆಗೆ ಕೈತೋರಿಸಬೇಕು. ಈಗ ನಡೆಯುತ್ತಿರುವುದು ಇದರ ತಿರುವುಮುರುವು: ಫಾಲೋವರ್ ಎಣಿಸುವುದು ಮೊದಲು, ವಿಳಾಸ ಎಂದೂ ಇಲ್ಲ. ವರ್ಷಕ್ಕೆ ಸಾವಿರ ರೂಪಾಯಿ ಉಳಿಸಲು ಉದ್ಯಮದ ಹೆಸರನ್ನೂ ಗಿರಾಕಿಗಳ ಪಟ್ಟಿಯನ್ನೂ ಪರರ ಕೈಗೆ ಒಪ್ಪಿಸುವುದಕ್ಕೆ ಮಿತವ್ಯಯ ಎನ್ನಲಾಗದು. ವಾಟ್ಸಾಪ್ ಇರಲಿ, ಇನ್‌ಸ್ಟಾಗ್ರಾಂ ಇರಲಿ. ಅವೇ ಸಾಕೆಂಬ ವಾದವನ್ನು ಮಾತ್ರ ಗೃಹೋದ್ಯಮಿಗಳು ಇನ್ನು ಕೈಬಿಡಬೇಕು.